ಬೀಸುಕಲ್ಲಿನ ಮುಂದಿನ ಸುಳಾದಿ

ದೊಡ್ಡ ಸಂಗೀತ ಕೇಳಿದವರು ಕಣ್ಣಲ್ಲಿ ನೀರು ಬಂತೆಂದು ಬರೆಯುತ್ತಾರೆ. ನನ್ನ ಕಣ್ಣಲ್ಲಿ ಜೋಳದ ಹಿಟ್ಟು ಬಿದ್ದಿತ್ತು. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಂಗೀತ ತಿಳಿಯುವುದಿಲ್ಲ. ಹಾಡು ಕೇಳುತ್ತ ಕೂತರೆ ತಂಬೂರಿಯ ಗವಸಿಗೆ ಯಾರ ಹಳೆಯ ಸೀರೆ ಹೋಗಿದೆ, ಜಮಖಾನೆಯನ್ನು ಜಾಡಿಸಿ ಹಾಸಿದ್ದಾರೋ ಇಲ್ಲವೋ ಎಂಬುದೇ ಕಾಣುತ್ತದೆ.

ಸಂಗೀತ ತಿಳಿದವನು ನನ್ನ ಮೈದುನ ಶೀನಪ್ಪ. ವಿಜಾಪುರದಲ್ಲಿ, ಗೋಳಗುಮ್ಮಟದ ಕಡೆಯ ನಮ್ಮ ಓಣಿಯ ಹುಡುಗಿಯರಿಗೆ ಹಾಡು ಕಲಿಸುತ್ತಾನೆ. ಅವನಿಗೊಂದು ಹಟ ಹಿಡಿದಿತ್ತು. ನಮ್ಮಲ್ಲಿ ಬರೀ ‘ದಾಸರು’ ಎಂದರೆ ಸಾಕು, ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಅವರ ಸಣ್ಣ ಪದಗಳು ಬಾರದ ಮನೆಯಿಲ್ಲ. ಆದರೆ ಅವರದೇ ಒಂದು ದೊಡ್ಡ ಸುಳಾದಿಯನ್ನು ಯಾರೂ ಹಾಡುವುದಿಲ್ಲ. ಸುಳಾದಿಯೆಂದರೆ ಏಳು ತುಂಡಿನ ಹಾಡು, ತುಂಡಿಗೊಂದು ತಾಳ. ಹಾಡುವವರಿಗೂ ದಮ್ಮು ಬೇಕು, ಕೇಳುವವರಿಗೂ ಬೇಕು. ಏಳೂ ತುಂಡು ಬರುತ್ತಿದ್ದುದು ನಮಗೆ ತಿಳಿದಂತೆ ಒಬ್ಬರಿಗೆ ಮಾತ್ರ. ಅವರು ತಿಕೋಟಾದ ಗೋದತ್ಯಾ, ನನ್ನ ಮಾವನವರ ಅಕ್ಕ, ಎಪ್ಪತ್ತು ದಾಟಿದವರು.

ಶೀನಪ್ಪ ಒಂದು ವರ್ಷ ನೋಟಬುಕ್ಕು ಹಿಡಿದು ತಿಕೋಟಾಕ್ಕೆ ಓಡಾಡಿದ. ಐದು ತುಂಡು ಸಿಕ್ಕವು. ಆರನೆಯದಕ್ಕೆ ಬಂದರೆ ಅತ್ಯಾ ತಡವರಿಸುತ್ತಿದ್ದರು, ಏಳನೆಯದಂತೂ ಇಲ್ಲವೇ ಇಲ್ಲ. ಗುಮ್ಮಟದೊಳಗೆ ಕೂಗಿದ ಮಾತು ಏಳು ಸಲ ಮರಳಿ ಬರುತ್ತದೆ, ಅತ್ಯಾನ ಬಾಯಿಂದ ಏಳನೆಯ ತುಂಡು ಒಂದು ಸಲವೂ ಬರಲೊಲ್ಲದು ಎಂದು ಅವನು ಊಟದ ಎಲೆಯ ಮುಂದೆ ಗೊಣಗುತ್ತಿದ್ದ. ಆ ಬೇಸಿಗೆಯಲ್ಲಿ ಅತ್ಯಾ ತಮ್ಮ ಸೊಸೆಯ ಹೆಸರನ್ನೇ ಒಂದು ದಿನ ಮರೆತರು. ಅಂದಿನಿಂದ ಗೊಣಗುವುದನ್ನು ಬಿಟ್ಟ, ಊಟವೂ ಕಡಿಮೆಯಾಯಿತು. ಅವರು ಮರೆತರೆ ಕೇಳಲು ಮತ್ತೊಂದು ಮನೆಯಿರಲಿಲ್ಲ. ಇಷ್ಟಾದರೂ ಕಾರ್ತಿಕದಲ್ಲಿ ಪೂರ್ತಿ ಸುಳಾದಿ ಹಾಡುತ್ತೇನೆಂದು ಬಬಲೇಶ್ವರದ ಹಿರಿಯರಿಗೆ ಮಾತು ಕೊಟ್ಟು ಬಂದಿದ್ದ. ಇಂಥ ಧೈರ್ಯ ಕಲಾವಿದರಿಗೇ ಇರುತ್ತದೆ. ನಾನಾಗಿದ್ದರೆ ಹಿಟ್ಟು ಮನೆಯಲ್ಲಿದೆಯೋ ಇಲ್ಲವೋ ನೋಡಿ ಊಟಕ್ಕೆ ಕರೆಯುತ್ತಿದ್ದೆ.

ನವರಾತ್ರಿ ಮುಗಿದ ಮೇಲೆ ಅತ್ಯಾ ಕಣ್ಣಿನ ಔಷಧಕ್ಕೆಂದು ನಮ್ಮಲ್ಲಿಗೆ ಬಂದರು. ಶೀನಪ್ಪ ಅವರಿಗೆ ಕಂಬಳಿ ಹಾಸಿ, ತಂಬೂರಿ ಶ್ರುತಿ ಮಾಡಿ, ಪೆನ್ಸಿಲು ಚೂಪು ಮಾಡಿಕೊಂಡು ಕೂಡುತ್ತಿದ್ದ. ಐದು ತುಂಡಾದ ಮೇಲೆ ಅತ್ಯಾ ಗೋಡೆ ನೋಡುತ್ತ ಕೂತುಬಿಡುತ್ತಿದ್ದರು.

ಅದು ಯುದ್ಧದ ಕಾಲ. ಎಂಜಿನ್ನಿಗೆ ಎಣ್ಣೆ ಸಿಗದೆ ನಮ್ಮ ಓಣಿಯ ಹಿಟ್ಟಿನ ಗಿರಣಿ ಬಾಗಿಲು ಹಾಕಿತು. ಮೂಲೆ ಸೇರಿದ್ದ ಬೀಸುಕಲ್ಲನ್ನು ತೊಳೆದು ಪಡಸಾಲೆಗೆ ತಂದೆವು. ಗಿರಣಿಯ ಹಿಟ್ಟಿಗೆ ಒಗ್ಗಿದ ಕೈ ನನ್ನದು. ಒಂದು ಬೆಳಿಗ್ಗೆ ಒಬ್ಬಳೇ ಬೀಸುತ್ತಿದ್ದೆ, ಕಲ್ಲು ಎರಡು ಸುತ್ತಿಗೊಮ್ಮೆ ಮುಗ್ಗರಿಸುತ್ತಿತ್ತು. ಆ ಸಪ್ಪಳ ಅತ್ಯಾಗೆ ಸಹಿಸಲಾಗಲಿಲ್ಲ.

“ಏನವಾ, ನೀ ಕಲ್ಲ ತಿರಗಸಾಕತ್ತೀಯೋ, ಕಲ್ಲ ನಿನ್ನ ತಿರಗಸಾಕತ್ತೈತೋ? ಸರಿ ಆ ಕಡೆ.”

ಎದುರಿಗೆ ಕೂತು ಗೂಟ ಹಿಡಿದರು. ಕಲ್ಲು ಸುಮ್ಮನೆ ಸರಾಗ ತಿರುಗತೊಡಗಿತು. ಅವರು ಹಾಡತೊಡಗಿದ್ದು ಯಾವಾಗ ಎಂದು ನಾನು ಹೇಳಲಾರೆ. ಮೊರದಲ್ಲಿ ಇನ್ನೆಷ್ಟು ಜೋಳ ಉಳಿದಿದೆ ಎಂದು ನೋಡುತ್ತಿದ್ದೆ. ಕಲ್ಲಿನ ಓಟ ಬದಲಾದಾಗ ತಾಳ ಬದಲಾಯಿತೆಂದು ತಿಳಿಯಿತು. ಕೈಗೆ ತಿಳಿದ ಮೇಲೆ ಕಿವಿಗೆ. ಈ ತುಂಡು ನಾನು ನಮ್ಮ ಮನೆಯಲ್ಲಿ ಕೇಳಿದ್ದಲ್ಲ. ಐದು ದಾಟಿ ಆರಕ್ಕೆ ಬಂದಿದ್ದರು.

ಅಷ್ಟರಲ್ಲಿ ಶೀನಪ್ಪ ಅರ್ಧ ಗಡ್ಡ ಹೆರೆದ ಮುಖದಲ್ಲೇ, ನೊರೆ ಸಮೇತ, ನೋಟಬುಕ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನನ್ನು ನೋಡಿ ನಾನು ಕೈ ನಿಲ್ಲಿಸಿದೆ. ಹಾಡೂ ನಿಂತಿತು.

“ಮುಂದ ಹೇಳ್ರಿ ಅತ್ಯಾ,” ಎಂದ.

“ಕಲ್ಲ ನಿಂತೈತಿ, ಮುಂದ ಹೆಂಗ ಬರಬೇಕೋ ಶೀನ್ಯಾ? ಪೆನ್ಸಿಲ್ ಅತ್ತಾಗ ಇಡು. ಗೂಟ ಹಿಡಿ.”

ಹನ್ನೆರಡು ದಿನ ನನ್ನ ಮೈದುನ ಬೀಸಿದ. ಓಣಿಯ ಹೆಂಗಸರು ಬೆಂಕಿ ಕೇಳುವ ನೆವದಲ್ಲಿ ಬಂದು ನೋಡಿ ಹೋದರು. ಒಬ್ಬಾಕೆ ತನ್ನ ಮನೆಯ ಜೋಳವನ್ನೂ ತಂದಿಟ್ಟಳು. ಅವನ ಅಂಗೈಯಲ್ಲಿ ಬೊಬ್ಬೆ ಎದ್ದವು. ಆರನೆಯ ತುಂಡು ಬಂತು, ಏಳನೆಯದೂ ಬಂತು. ನಮ್ಮ ಮನೆಯಲ್ಲಿ ಅಷ್ಟು ನುಣ್ಣನೆಯ ರೊಟ್ಟಿ ಮತ್ತೆ ಆಗಿಲ್ಲ.

ಬಬಲೇಶ್ವರಕ್ಕೆ ಅತ್ಯಾನನ್ನೂ ಕರೆದುಕೊಂಡು ಹೋದೆವು. ಮೊದಲ ಐದು ತುಂಡು ಅವನು ಕಂಬಳಿಯ ಮೇಲೆ ಕೂತು ಕಲಿತಂಥವು. ಕಾಲುವೆಯ ನೀರಿನಂತೆ ಹೋದವು. ಆರನೆಯದರಲ್ಲಿ ನಾಲ್ಕು ಸಾಲಾದ ಮೇಲೆ ಶೀನಪ್ಪ ಒಂದು ಉಸಿರಿನಷ್ಟು ನಿಂತ. ಮತ್ತೆ ನಾಲ್ಕು ಸಾಲು, ಮತ್ತೆ ನಿಂತ. ನಿಂತಾಗಲೆಲ್ಲ ಅವನ ಬಲಗೈ ತೊಡೆಯಿಂದ ಎದ್ದು, ಮುಷ್ಟಿಯಾಗಿ, ಬಿಚ್ಚುತ್ತಿತ್ತು. ಆ ಮುಷ್ಟಿಯ ಗುರುತು ನನಗೆ ಸಿಕ್ಕಿತು. ಅದು ಕಲ್ಲಿನ ಬಾಯಿಗೆ ಕಾಳು ಹಾಕುವ ಮುಷ್ಟಿ. ಅತ್ಯಾ ಕಾಳು ಹಾಕುವಾಗ ಹಾಡು ಬಿಡುತ್ತಿದ್ದರು. ಅವನು ಆ ಬಿಡುವನ್ನೂ ಕಲಿತುಬಿಟ್ಟಿದ್ದ. ಜರಿ ರುಮಾಲಿನ ಹಿರಿಯರೊಬ್ಬರು ಪಕ್ಕದವರಿಗೆ, ದಾಸರು ಆ ಮೌನದಲ್ಲೇ ತತ್ತ್ವವನ್ನೆಲ್ಲ ಇಟ್ಟಿದ್ದಾರೆಂದು ವಿವರಿಸುತ್ತಿದ್ದರು. ಹೆಂಗಸರ ಸಾಲಿನಲ್ಲಿ ಅತ್ಯಾ ಪ್ರತಿ ಮುಷ್ಟಿಗೂ ತಲೆಯಾಡಿಸುತ್ತಿದ್ದರು.

ನಾನು ಸುಮ್ಮನಿರಬಹುದಿತ್ತು. ಮರಳಿ ಬರುವಾಗ ಚಕ್ಕಡಿಯಲ್ಲಿ ಶೀನಪ್ಪನಿಗೆ ಹೇಳಿಬಿಟ್ಟೆ. ಅವನ ಮುಖ ಇಳಿಯಿತು. ಕೊರಳಿನ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ಅತ್ಯಾನ ಕಡೆ ತಿರುಗಿ, ಆ ಬಿಡುವುಗಳನ್ನು ತೆಗೆದು ಹಾಡಲೇ ಎಂದು ಕೇಳಿದ.

ಅತ್ಯಾ ಎತ್ತುಗಳ ಬಾಲದಿಂದ ಕಣ್ಣು ತೆಗೆಯದೆ ಹೇಳಿದರು.

“ಕಾಳ ಹಾಕದ ಬೀಸಿದ್ರ ಕಲ್ಲ ಕಲ್ಲನ್ನ ತಿಂತೈತಿ. ಇರಲಿ ಬಿಡಪಾ, ನಮ್ಮವ್ವನೂ ಅಲ್ಲೇ ಹಾಕತಿದ್ಲು.”

ಮುಂದಿನ ವರ್ಷ ಅತ್ಯಾ ಹೋದರು. ಯುದ್ಧ ಮುಗಿಯಿತು, ಗಿರಣಿ ಮತ್ತೆ ಟುಕುಟುಕು ಅನ್ನತೊಡಗಿತು, ಕಲ್ಲು ಮೂಲೆಗೆ ಹೋಯಿತು. ಶೀನಪ್ಪನ ಬಳಿ ಕಲಿಯುವ ಹುಡುಗಿಯರು ಈಗ ಸುಳಾದಿಯನ್ನು ಪೂರ್ತಿ ಹಾಡುತ್ತಾರೆ. ನಾಲ್ಕು ಸಾಲಿಗೊಮ್ಮೆ ನಿಂತು, ಏಕೆಂದು ತಿಳಿಯದೆ, ಬಲಗೈ ಎತ್ತಿ ಬಿಚ್ಚುತ್ತಾರೆ.

ಹಿಟ್ಟು ಜರಡಿ ಹಿಡಿಯುವಾಗ ನನಗೊಂದು ವಿಚಾರ ಬಂತು. ದಾಸರು ಹಾಡುತ್ತ ಮನೆಮನೆಯ ಮುಂದೆ ಜೋಳಿಗೆ ಹಿಡಿದು ನಿಂತವರು. ಒಳಗಿನಿಂದ ಒಬ್ಬ ಹೆಂಗಸು ಬಂದು ಹಿಡಿ ಕಾಳು ಹಾಕುವಾಗ ಅವರೂ ಒಂದು ಉಸಿರು ಹಾಡು ನಿಲ್ಲಿಸಿರಲಾರರೇ? ಹಾಗಿದ್ದರೆ ಬಿಡುವು ದಾಸರದೇ. ಅತ್ಯಾನ ಅವ್ವ, ಅವರ ಅವ್ವ, ಬರೀ ಜೋಳಿಗೆಯ ಕಾಳನ್ನು ಕಲ್ಲಿಗೆ ಹಾಕಿದರು. ಇದನ್ನು ಶೀನಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನೋಟಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ.