ಠಾಣೆಗೆ ಹೋದ ಹಾಲು

ವಿಠ್ಠಲವಾಡಿ ಸ್ಟೇಶನ್ನಿನ ಹೊರಗೆ ಸಬ್ಬಸಿಗೆ ಸೊಪ್ಪಿನ ರಾಶಿ ಕಂಡರೆ ನಾನು ಸಾಮಾನ್ಯವಾಗಿ ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತೇನೆ. ನಿನ್ನೆ ಗಾಳಿ ನನ್ನ ಕಡೆಗೇ ಬೀಸುತ್ತಿತ್ತು, ವಾಸನೆ ಬೆನ್ನು ಹತ್ತಿತು. ಇಲ್ಲಿನ ಮರಾಠಿಯವರಿಗೆ ಅದು ಶೇಪು, ಗದಗ ಕಡೆಯ ನಮಗೆ ಸಬ್ಬಸಿಗೆ. ಅದನ್ನು ತಿಂದರೆ ಬಾಣಂತಿಗೆ ಹಾಲು ಬರುತ್ತದೆ ಎನ್ನುವುದರಲ್ಲಿ ಮಾತ್ರ ಎರಡೂ ಕಡೆಯ ಅಜ್ಜಿಯಂದಿರಿಗೆ ಜಗಳವಿಲ್ಲ.

ಎಷ್ಟೋ ವರ್ಷಗಳ ಹಿಂದೆ ನನ್ನ ಸಿಝೇರಿಯನ್ ಆದದ್ದು ಕಲ್ಯಾಣದ ಒಂದು ಸಣ್ಣ ಆಸ್ಪತ್ರೆಯಲ್ಲಿ. ಹೊಟ್ಟೆ ಕೊಯ್ಯಿಸಿಕೊಂಡವರಿಗೆ ನಗು ಎಂಥ ಶತ್ರು ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಕೆಮ್ಮು ಬಂದರೆ ದಿಂಬು ಅವುಚಿಕೊಳ್ಳಬೇಕು, ಸೀನು ಬಂದರೆ ದೇವರೇ ಗತಿ. ಮಗ್ಗುಲು ಬದಲಿಸಲು ನಾನು ನಡೆಸುತ್ತಿದ್ದ ಸಿದ್ಧತೆ ನೋಡಿ ಪಕ್ಕದ ಹಾಸಿಗೆಯ ಮರಾಠಿ ಹುಡುಗಿ ನಗುತ್ತಿದ್ದಳು, ನಕ್ಕು ತಾನೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಅವಳ ಮಗು ಅವಳ ಪಕ್ಕದಲ್ಲೇ ಇತ್ತು. ನನ್ನ ಮಗಳನ್ನು ಉಸಿರಾಟದ ತೊಂದರೆಯೆಂದು ಹುಟ್ಟಿದ ದಿನವೇ ಠಾಣೆ ಶಹರದ ದೊಡ್ಡ ಆಸ್ಪತ್ರೆಗೆ ಒಯ್ದಿದ್ದರು. ಹೋಗುವ ಮುಂಚೆ ಮುಖ ತೋರಿಸಿದ್ದರಂತೆ. ಮಂಪರಿನಲ್ಲಿ ನಾನು ನೋಡಿದ್ದು ಒಂದು ಕಿವಿ ಮಾತ್ರ.

ಅವ್ವ ಹೊತ್ತುಹೊತ್ತಿಗೆ ಸಬ್ಬಸಿಗೆ ತಿನ್ನಿಸಿದಳು, ಹಾಲು ಬಂತು. ನಾನು ಹಿಂಡಿ ಬಾಟಲಿಗೆ ತುಂಬಿಸಿದರೆ ನನ್ನ ಗಂಡ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಠಾಣೆಯ ಲೋಕಲ್ ಹಿಡಿಯುತ್ತಿದ್ದರು. ನನ್ನ ಜಂಬ ಕೇಳಬೇಡಿ. ಬಾಟಲಿಯನ್ನು ಬೆಳಕಿಗೆ ಹಿಡಿದು ಪಕ್ಕದವಳಿಗೆ ತೋರಿಸಿಯೇ ಕಳಿಸುತ್ತಿದ್ದೆ. ಮರಳಿ ಬಂದವರಿಗೆ, "ಕುಡದ್ಲೇನ್ರಿ?" ಎಂದರೆ "ಹೂಂ" ಎಂದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಮಗಳನ್ನು ನೋಡಬೇಕೆಂದು ನಾನು ಕಣ್ಣು ಒದ್ದೆ ಮಾಡಿಕೊಂಡರೆ ಅವ್ವ ಗದರುತ್ತಿದ್ದಳು: "ಹಸಿ ಬಾಣಂತಿ ಅಳಬಾರ್ದವಾ, ಕಣ್ಣು ಹೋಗ್ತಾವ."

ಆ ನಂಬಿಕೆಗಾಗಿಯೇ ಇಬ್ಬರೂ ನನ್ನಿಂದ ಮುಚ್ಚಿಟ್ಟಿದ್ದರು. ನನಗೆ ಹಾಲು ಬರುವ ಮೊದಲೇ ಮಗು ತೀರಿಕೊಂಡಿತ್ತು.

ಹೊಲಿಗೆ ಬಿಚ್ಚಿದ ದಿನ ಅವ್ವ ನನ್ನ ತಲೆಗೆ ಬಟ್ಟೆ ಕಟ್ಟುತ್ತ ಹೇಳಿದಳು. ದುಃಖಕ್ಕಿಂತ ಮೊದಲು ನನಗೆ ಸಿಟ್ಟು ಬಂತು, ಅವ್ವನ ಮೇಲೆ, ಇವರ ಮೇಲೆ, ಎಲ್ಲಕ್ಕಿಂತ ನನ್ನ ಮೈಮೇಲೆ. ಅದಕ್ಕೆ ಸುದ್ದಿ ಮುಟ್ಟಿರಲಿಲ್ಲ, ಮರುದಿನವೂ ರವಿಕೆ ತೋಯಿಸಿತು. ಕೊಟ್ಟ ಹಾಲು ಏನಾಯಿತೆಂದು ಮಾತ್ರ ನಾನು ಕೇಳಲಿಲ್ಲ. ಯಾವುದೋ ಸ್ಟೇಶನ್ನಿನ ಮೋರಿಗೆ ಸುರಿದಿರುತ್ತಾರೆ ಎಂದುಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿದರೂ ಆ ಮೋರಿ ನಮ್ಮಿಬ್ಬರ ನಡುವೆ ಇದ್ದೇ ಇತ್ತು.

ನಿನ್ನೆ ಊಟಕ್ಕೆ ಕೂತಾಗ ಕೇಳಿಬಿಟ್ಟೆ. ಇವರು ಕೈಯಲ್ಲಿದ್ದ ತುತ್ತು ಕೆಳಗಿಟ್ಟರು.

"ಮಣ್ಣು ಮಾಡಿದ ಮ್ಯಾಲೆ ನಮ್ಮಲ್ಲಿ ಹಾಲು ಬಿಡ್ತಾರಲ್ಲ," ಎಂದರು. "ಅದಕ್ಕಂತ ಅಂಗಡಿ ಹಾಲು ತಂದಿದ್ದೆ. ಅವತ್ತ ನೀ ಬಾಟಲಿ ಕೊಟ್ಟಿ. ಅಂಗಡೀದು ಯಾಕ ಬೇಕಂತ, ಅದನ್ನ ಒಯ್ದು ಅಕಿಗೇ ಬಿಟ್ಟೆ. ಆಮ್ಯಾಲೆ ನೀ ದಿನಾ ಕೊಡ್ತಿದ್ದಿ, ನಾ ದಿನಾ ಹೋಗ್ತಿದ್ದೆ."

ನಾನು ಎಂಜಲು ಕೈಯಲ್ಲೇ ಅವರ ಹತ್ತಿರ ಸರಿದು ಕೂತೆ.

"ಜಾಗ ನೆನಪೈತೇನ್ರಿ?"

"ಐತಿ. ಈಗೂ ಹೋಗ್ತೀನಿ."

ನಾಳೆ ಭಾನುವಾರ, ನಾನೂ ಹೋಗುತ್ತೇನೆ. ನನ್ನ ಮಗಳನ್ನು ನಾನಿನ್ನೂ ನೋಡಲು ಹೋಗಿಲ್ಲ.