ಬೀಗರಿಲ್ಲದ ಫೋನು

ಗೌನಿಪಲ್ಲಿಯ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹಿರಿಯರೊಬ್ಬರನ್ನು ಊರೆಲ್ಲ ಮಾವ ಅನ್ನುತ್ತಿತ್ತು. ಯಾರ ಮನೆಯ ಬೀಗರೂಟವಾದರೂ ಬೀಗರನ್ನು ಆಡಿಕೊಳ್ಳಲು ಅವರೇ ಬರಬೇಕು. ಮೀಸೆಗಂಟಿದ ರಾಗಿಹಿಟ್ಟು ಒರೆಸಿಕೊಂಡರೆಂದರೆ ಚುಚ್ಚುಮಾತು ಬಂತೆಂದೇ ಲೆಕ್ಕ. ಚುಚ್ಚಿದ ಮೇಲೆ ಬೀಗರ ಭುಜ ತಟ್ಟಿ, ತೆಲುಗಿನಲ್ಲಿ "ಊರಿಕೇ ಅನ್ನಾ" ಅನ್ನುತ್ತಿದ್ದರು, ಸುಮ್ಮನೆ ಅಂದೆ ಅಂತ.

ನನ್ನ ತಂಗಿಯ ಬೀಗರೂಟದ ದಿನ ಮಾವ ಬರುವುದು ತಡವಾಯಿತು. ಚಿಕ್ಕಪ್ಪ ಹೊಸ ಫೋನು ತೆಗೆದು, "ಈಗ ಎಲ್ಲಾ ಇದೇ ಮಾಡ್ತದೆ ಕಣೋ" ಎಂದು ನನಗೆ ಹೇಳಿ, ಬೀಗರನ್ನು ತಮಾಷೆ ಮಾಡಲು ಅದಕ್ಕೆ ಅಪ್ಪಣೆ ಕೊಟ್ಟರು. ಫೋನು ಗಟ್ಟಿಯಾಗಿ ನುಡಿಯಿತು: "ಗೌರವಾನ್ವಿತ ಬೀಗರೇ, ನಿಮ್ಮ ಹಸಿವು ಶ್ಲಾಘನೀಯ. ಇದು ಹಾಸ್ಯ. ನೋವಾಗಿದ್ದರೆ ವಿಷಾದಿಸುತ್ತೇನೆ."

ಯಾರೂ ನಗಲಿಲ್ಲ. ಹಿರಿಯ ಬೀಗರು ಕೈಯಲ್ಲಿದ್ದ ಮೂಳೆಯನ್ನು ಎಲೆಗೆ ಹಾಕಿ, "ನಾವ್ ತಿನ್ನೋದನ್ನ ಆಡ್ಕೊಳ್ಳೋಕೆ ಮಿಷಿನ್ ಇಟ್ಟಿದ್ದೀರೇನ್ರಿ?" ಎಂದು ಏಳಲು ಹೊರಟರು. ಅಪ್ಪ ಓಡಿಬಂದು ಅವರಿಗೆ ಅಡ್ಡ ನಿಂತರು.

ಆಗಲೇ ಬಾಗಿಲಿಗೆ ಬಂದ ಮಾವ ಮೀಸೆ ಒರೆಸಿಕೊಂಡರು. "ಕೂತ್ಕೊಳಿ ಬೀಗರೇ. ಪಾಪ, ಅದುಕ್ಕೆ ಬೀಗರೇ ಇಲ್ಲ. ಯಾರನ್ನ ಆಡ್ಕೊಂಡು ಕಲೀತದೆ? ನಮಗಾದ್ರೆ ನೀವಿದ್ದೀರಿ."

ಬೀಗರು ಮೊದಲು ಕೆಮ್ಮಿದರು, ಆಮೇಲೆ ನಕ್ಕರು, ಮೂಳೆಯನ್ನು ಮತ್ತೆ ಕೈಗೆತ್ತಿಕೊಂಡರು. ಸಾಲಿಗೆ ಸಾಲೇ ನಗುತ್ತಿರುವಾಗ ಚಿಕ್ಕಪ್ಪನ ಜೇಬಿನೊಳಗಿಂದ ಫೋನು ಕೇಳಿತು: "ಕ್ಷಮಿಸಿ, ಮತ್ತೊಮ್ಮೆ ಪ್ರಯತ್ನಿಸಲೇ?"

ಆ ದಿನ ಎಲ್ಲರಿಗಿಂತ ಹೆಚ್ಚು ನಗಿಸಿದ್ದು ಅದೇ. ಮಾವ ಒಂದು ಗಳಿಗೆ ಪೆಚ್ಚಾದರು. ಆಮೇಲೆ ಹತ್ತಿರ ಹೋಗಿ, ಚಿಕ್ಕಪ್ಪನ ಜೇಬನ್ನು ಮೆಲ್ಲಗೆ ತಟ್ಟಿ, "ಊರಿಕೇ ಅನ್ನಾ" ಅಂದರು.