ಅಡಿಕೆ ಚೀಲದೊಳಗಿನ ಬೆಲ್

ಚನ್ನಗಿರಿಯಲ್ಲಿ ಅಡಿಕೆ ಚೀಲ ಹೊತ್ತವರನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಹಾಲೇಶಣ್ಣನ ಚೀಲ ಮಾತ್ರ ಬಸ್ಸು ಹತ್ತುವಾಗ ಒಳಗಿನಿಂದ 'ಟ್ರಿಣ್' ಅನ್ನುತ್ತದೆ.

"ಏನ್ರೀ ಹಾಲೇಶಪ್ಪ, ನಿಮ್ಮ ಅಡಿಕೆ ಮಾತಾಡ್ತೈತಲ್ರೀ?" ಅಂತ ಕಂಡಕ್ಟರ್ ಕಿಚಾಯಿಸಿದರೆ, "ಹಸಿ ಅಡಿಕೆ ಕಣಪ್ಪ, ಸುಮ್ನಿರಾಕೆ ಬರಲ್ಲ ಅದ್ಕೆ" ಅಂತ ಚೀಲವನ್ನು ಹಿಂದಿನ ಸೀಟಿಗೆ ಆನಿಸಿ ನಿಲ್ಲಿಸುತ್ತಾರೆ. ಒಳಗಿರುವುದು ಮಡಚಿದ ಗಾಲಿಕುರ್ಚಿ.

ಬಸ್ ಸ್ಟ್ಯಾಂಡ್ ಹತ್ತಿರ ಅವರದು ಸೈಕಲ್ ಶಾಪ್, ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ನಾನು ಯಾವ ಕ್ಲಾಸಿಗೂ ಹೋಗದೆ ಮೊಬೈಲ್ ನೋಡಿಕೊಂಡೇ ಕನ್ನಡ ಟೈಪಿಂಗ್ ಕಲಿತವಳು. ಅರ್ಜಿ ಅಂದರೆ ಸಾಕು, ಬೆರಳು ಕುಣಿಯುತ್ತವೆ. ಹಾಲೇಶಣ್ಣ ಗುಜರಿಗೆ ಬಿದ್ದ ಗಾಲಿಕುರ್ಚಿಗಳನ್ನು ತಂದು, ರಿಪೇರಿ ಮಾಡಿ, ಬೇಕಾದವರಿಗೆ ಪುಕ್ಕಟೆ ಕೊಡುತ್ತಾರೆ. ವಾಸಿಯಾದ ಮೇಲೆ ವಾಪಸ್ಸು ತಂದುಕೊಟ್ಟರೆ ಆಯಿತು. ಪ್ರತಿ ಕುರ್ಚಿಗೂ ಒಂದು ಹಳೆ ಸೈಕಲ್ ಬೆಲ್ ಕೂರಿಸುತ್ತಾರೆ. "ಕೂತೋರು ನೀರು ಬೇಕು ಅಂತ ಕೂಗ್ತಾ ಇರಬಾರ್ದವ್ವ. ಬೆಲ್ ಹೊಡೆದ್ರೆ ಒಂದು ಗತ್ತಿರ್ತೈತೆ."

ಚೀಲ ಯಾಕೆ ಅಂತ ಕೇಳಿದ್ದೆ.

"ಬಾಗ್ಲಿಗೆ ಕುರ್ಚಿ ಬಂತು ಅಂದ್ರೆ ಇಡೀ ಓಣಿ ಬಂದು ಅಯ್ಯೋ ಪಾಪ ಅಂತೈತೆ. ಅಡಿಕೆ ಚೀಲ ಬಂದ್ರೆ ಯಾರು ಕೇಳ್ತಾರೆ?"

ಇಂಥವರಿಗೆ ತಾಲೂಕಿನ ಸೇವಾ ಪ್ರಶಸ್ತಿ ಬರದೆ ಇನ್ಯಾರಿಗೆ ಬರಬೇಕು ಅಂತ, ಅವರನ್ನು ಕೇಳದೆ ನಾನೇ ಅರ್ಜಿ ಹಾಕಿದೆ. ಅದರಲ್ಲಿ 'ಫಲಾನುಭವಿಗಳ ಪಟ್ಟಿ ಲಗತ್ತಿಸಿ' ಅಂತಿತ್ತು. ಅವರು ಫೋನಿನಲ್ಲಿ ಮಾತಾಡುವುದು ಗೋಡೆಯಾಚೆ ಕೂತ ನನಗೆ ಕೇಳಿಸುತ್ತದಲ್ಲ, ಹನ್ನೊಂದು ಹೆಸರು ನೆನಪಿತ್ತು. ಹೆಸರು, ಊರು, ಕಾಯಿಲೆ, ಮೂರು ಕಾಲಂ ಮಾಡಿ ಗೆರೆ ಎಳೆದು ಚೆಂದವಾಗಿ ಟೈಪ್ ಮಾಡಿದೆ.

ಪ್ರಶಸ್ತಿ ಬಂತು! ಸಮಾರಂಭದ ಹಿಂದಿನ ದಿನ ಆ ಪಟ್ಟಿಯ ಪ್ರತಿಯನ್ನು ಅವರ ಕೈಗಿಟ್ಟು, ಹೊಗಳಿಕೆಗೆ ಕಾದು ನಿಂತೆ. ಗ್ರೀಸ್ ಹತ್ತಿದ ಬೆರಳು ಒಂದೊಂದೇ ಸಾಲು ಇಳಿದು, ಏಳನೇ ಹೆಸರಿನ ಮೇಲೆ ನಿಂತಿತು.

"ಇದು ಯಾರ ಕೈಲೈತೆ ಈಗ?"

"ಸಮಿತಿಯೋರ ಹತ್ರ. ನಾಳೆ ಸ್ಟೇಜ್ ಮೇಲೆ ಓದ್ತಾರಂತೆ ಅಣ್ಣ."

ಅವರು ಬೈಯಲಿಲ್ಲ. ದನಿ ತಗ್ಗಿಸಿ ವಿಷಯ ಹೇಳಿದರು. ಏಳನೆಯವರು ಹೊನ್ನಾಳಿ ಕಡೆಯವರು, ಒಂದು ಕಾಲದ ಗಟ್ಟಿ ಆಳು. ಕಾಲು ಬಿದ್ದುಹೋದದ್ದು ಊರಿಗೆ ತಿಳಿಯಬಾರದೆಂದು, ಮಗಳ ಮನೆಗೆ ಹೋಗಿದ್ದಾರೆ ಅಂತ ಹೇಳಿಸಿ, ಒಳಮನೆಯಲ್ಲೇ ಎದ್ದು ನಿಲ್ಲುವುದನ್ನು ಕಲಿಯುತ್ತಿದ್ದರು.

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೀನಿ ತಾಯಿ. ಮೈಕಲ್ಲಿ ಅವರ ಹೆಸರು ಬಂದ್ರೆ, ಆಯಪ್ಪ ಮತ್ತೆ ಎದ್ದು ನಿಲ್ಲಾಕಿಲ್ಲ. ನಂಗೆ ಪ್ರಶಸ್ತಿ ಬ್ಯಾಡ ಅಂದುಬಿಡು."

ಸಂಜೆಯೆಲ್ಲ ಫೋನ್ ಮಾಡಿದೆ, ಸಮಿತಿಯವರು ಎತ್ತಲಿಲ್ಲ. ಬೆಳಗ್ಗೆ ಓಡಿಹೋದರೆ ಶಾಮಿಯಾನ ತುಂಬಿತ್ತು, ಫೈಲು ನಿರೂಪಣೆಯ ಮೇಷ್ಟ್ರ ಕೈ ಸೇರಿತ್ತು. ಪಟ್ಟಿ ಕೊಡಿ ಅಂದೆ.

"ಅಯ್ಯೋ, ಇರೋದೇ ಇದೊಂದು ಹಾಳೆ. ಇದ್ನೂ ಕಿತ್ಕೊಂಡ್ರೆ ನಾನು ಏನು ಓದ್ಲಿ, ನಿನ್ನ ತಲೆ?"

"ಬೇರೆ ಬರ್ಕೊಡ್ತೀನಿ ಸಾರ್, ಎರಡೇ ನಿಮಿಷ!"

ವೇದಿಕೆಯ ಮೆಟ್ಟಿಲ ಮೇಲೆ ಕೂತು, ಅವರದೇ ಪೆನ್ನು ಇಸಿದುಕೊಂಡು ಕೈಯಲ್ಲೇ ಬರೆದೆ. ಹಳೆ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು ಹೊಸ ಹಾಳೆ ಇಸಿದುಕೊಳ್ಳುವಾಗ ಮೇಷ್ಟ್ರು, "ಅಕ್ಷರ ಕೋಳಿ ಕೆದರಿದಂಗೈತೆ" ಅಂತ ಗೊಣಗಿದರು. ಅಷ್ಟರಲ್ಲಿ ಹಾಲೇಶಣ್ಣ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಪಟ್ಟಿಯ ಹೆಸರು ಓದತೊಡಗಿದೊಡನೆ ಮೈಕ್ ಕಿತ್ತುಕೊಳ್ಳುವವರ ಹಾಗೆ ಮೇಷ್ಟ್ರ ಪಕ್ಕದಲ್ಲೇ ನಿಂತರು.

ಮೇಷ್ಟ್ರು ಓದಿದರು: "ಇವರು ಯಾರಿಗೆ ಏನು ಕೊಟ್ಟಿದ್ದಾರೆಂದು ಇಲ್ಲಿ ಹೇಳುವುದಿಲ್ಲ. ಪಡೆದವರಿಗೆ ಗೊತ್ತು. ಅಷ್ಟು ಸಾಕೆಂದು ಇವರ ಅಭಿಪ್ರಾಯ."

ಹಾಲೇಶಣ್ಣ ಬಿಟ್ಟ ಉಸಿರು ಮೈಕಿನಲ್ಲಿ ಭುಸ್ಸೆಂದು ಇಡೀ ಶಾಮಿಯಾನಕ್ಕೆ ಕೇಳಿಸಿತು. ಜನ ನಕ್ಕು ಚಪ್ಪಾಳೆ ಹೊಡೆದರು. ನಾನೂ ಮೆಟ್ಟಿಲ ಮೇಲಿಂದಲೇ ಚಪ್ಪಾಳೆ ಹೊಡೆದೆ. ಹಾಲೇಶಣ್ಣ ಕೆಳಗಿಳಿದು ಬಂದು ನನ್ನಿಂದ ಪಟ್ಟಿಯನ್ನು ಇಸಿದುಕೊಂಡು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. ಸನ್ಮಾನಕ್ಕೆ ಹೊದಿಸಿದ್ದ ಶಾಲು ಮುಟ್ಟಿ ನೋಡಿ, "ದಪ್ಪ ಐತಲ್ಲೇ. ಎರಡು ಕುರ್ಚಿ ಸೀಟಿಗೆ ಬರ್ತೈತೆ" ಅಂದರು. ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ನಾನು ಆವತ್ತೇ ಅಳಿಸಿದೆ.

ಮೊನ್ನೆ ಹೊನ್ನಾಳಿ ಬಸ್ಸಿನಿಂದ ಎತ್ತರದ ಆಳೊಬ್ಬರು ಕೋಲೂರಿಕೊಂಡು ಇಳಿದರು. ಕ್ಲೀನರ್ ಅವರ ಹಿಂದೆ ಚೀಲವೊಂದನ್ನು ಇಳಿಸಿಕೊಟ್ಟ. ಸೈಕಲ್ ಶಾಪಿಗೆ ಬೀಗ ಇತ್ತು.

"ಹಾಲೇಶಪ್ಪ ಇಲ್ಲೇನವ್ವ?"

"ಜಗಳೂರಿಗೆ ಹೋಗ್ಯಾರ್ರೀ, ಅಡಿಕೆ ಕೊಡಾಕೆ."

ಅವರಿಗೆ ನಗು ಬಂತು. "ಹಂಗಾರೆ ನಮ್ಮನೇದು ಇಟ್ಕೊ. ಇನ್ನು ನಂಗೆ ಬ್ಯಾಡ." ನನ್ನ ಕೈಯಲ್ಲಿದ್ದ ಪೆನ್ನು ನೋಡಿ ಕೇಳಿದರು. "ಹೆಸರು ಬರ್ಕೊಳಲ್ವಾ?"

ಪೆನ್ನನ್ನು ಕಿವಿ ಹಿಂದೆ ಸಿಕ್ಕಿಸಿದೆ. "ಅಡಿಕೆಗೆ ಯಾತರ ಹೆಸರು ಬಿಡ್ರೀ."

ಅವರು ನಿಧಾನಕ್ಕೆ ರಸ್ತೆ ದಾಟುವವರೆಗೆ ನೋಡುತ್ತಿದ್ದೆ. ಆಮೇಲೆ ಚೀಲವನ್ನು ಒಳಗೆ ಎಳೆದುಕೊಂಡೆ. ಟ್ರಿಣ್ ಅಂದಿತು.